ಬಿಕಾಂ ಬೆಂಚು, ಭಾಗ 6: ಆ 39 ಫಾರ್ಮು ಯಾರು ತುಂಬಿದ್ರು?

(1/4)
ಕಾಲೇಜಿನ ನೋಟಿಸ್ ಬೋರ್ಡಲ್ಲಿ "ವಿದ್ಯಾರ್ಥಿ ಸಂಶೋಧನಾ ಸ್ಪರ್ಧೆ, ಹೆಸರು ಕೊಡಿ" ಅಂತ ಹಾಳೆ ಅಂಟಿಸಿದ್ರೆ ನೀವೇನು ಮಾಡ್ತೀರಿ? ಖರೇ ಹೇಳ್ರಿ. "ಇದು ಸೈನ್ಸ್‌ನವರದ್ದು" ಅಂತ ಕ್ಯಾಂಟೀನ್ ಕಡೆ ಹೋಗ್ತೀರಿ. ಫಸ್ಟ್ ಇಯರಲ್ಲಿ ನಾನೂ ಹಂಗೇ ಹೋಗಿದ್ದೆ.

ಮೊದಲು ಆ ಭ್ರಮೆ ಬಿಡೋಣ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದ್ರೆ ಎಐಯು, 'ಅನ್ವೇಷಣ್' ಅನ್ನೋ ವಿದ್ಯಾರ್ಥಿ ಸಂಶೋಧನಾ ಸಮಾವೇಶ ನಡೆಸುತ್ತೆ. ವಿಶ್ವವಿದ್ಯಾಲಯದ ಮೂಲಕ ಹೋಗಬೇಕು. ಮೊದಲು ವಲಯ ಮಟ್ಟ, ಅಲ್ಲಿ ಗೆದ್ದವರಿಗೆ ರಾಷ್ಟ್ರ ಮಟ್ಟ. ಕೃಷಿ, ಮೂಲವಿಜ್ಞಾನ, ಎಂಜಿನಿಯರಿಂಗ್, ಆರೋಗ್ಯದ ಜೊತೆಗೇ ಸಮಾಜವಿಜ್ಞಾನ, ವಾಣಿಜ್ಯ, ಕಾನೂನಿಗೂ ಅಲ್ಲಿ ಜಾಗ ಇದೆ. ಪಕ್ಕದ ಮಹಾರಾಷ್ಟ್ರದ 'ಆವಿಷ್ಕಾರ್' ಸ್ಪರ್ಧೆಯಲ್ಲೂ ವಾಣಿಜ್ಯಕ್ಕೆ ವಿಭಾಗ ಇದೆ. ಅಂದ್ರೆ ಬಾಗಿಲು ತೆರೆದೇ ಇದೆ, ನಾವು ಒಳಗೆ ಹೋಗಿಲ್ಲ ಅಷ್ಟೇ.

ವಿಷಯ ಸಿಗಲ್ಲ ಅನ್ನಬೇಡಿ. ದಾಂಡೇಲಿಯ ಹೋಮ್‌ಸ್ಟೇಗಳಿಗೆ ಶನಿವಾರ, ಭಾನುವಾರ ಬಿಟ್ಟು ಉಳಿದ ಐದು ದಿನ ಆದಾಯ ಎಲ್ಲಿಂದ? ಹಳಿಯಾಳದ ಕಬ್ಬು ಕಡಿಯೋರಿಗೆ ಮುಂಗಡ ಹೆಂಗೆ ಕೊಡ್ತಾರೆ? 1966ರಲ್ಲಿ ಮುಂಡಗೋಡಿಗೆ ಬಂದ ಟಿಬೆಟನ್ನರ ಮನೆಗಳಿಂದ ಚಳಿಗಾಲಕ್ಕೆ ಊರೂರಿಗೆ ಸ್ವೆಟರ್ ಮಾರೋಕೆ ಹೋಗ್ತಾರಲ್ಲ, ಆ ಮಾಲಿಗೆ ಬಂಡವಾಳ ಯಾರದ್ದು? ಸೂಪಾ ಅಣೆಕಟ್ಟಿಗೆ ಊರು ಬಿಟ್ಟು ರಾಮನಗರಕ್ಕೆ ಬಂದವರು ಹೊಸ ಜಾಗದಲ್ಲಿ ಏನು ವ್ಯಾಪಾರ ಹಿಡಿದ್ರು? ಇವೆಲ್ಲ ವಾಣಿಜ್ಯದ ಪ್ರಶ್ನೆಗಳೇ.

ಹಂಗಾಗಿ ಹೆಸರು ಕೊಡಿ. ಆದ್ರೆ ಒಂದು ಷರತ್ತು. ಜನರ ಫಾರ್ಮನ್ನ ನೀವೇ ಕೂತು ತುಂಬಬೇಡಿ. ಯಾಕಂದ್ರೆ ನಾವು ತುಂಬಿದ್ವಿ.

(2/4)
ಕಳೆದ ವರ್ಷ ನಾವು ನಾಲ್ಕು ಜನ ಒಂದು ಸ್ಪರ್ಧೆಗೆ ಹೋಗಿದ್ವಿ. ವಿಷಯ ಜೋಯಿಡಾದ ಗಡ್ಡೆ ಗೆಣಸು. ಅಲ್ಲಿನ ಕುಣಬಿ ಮನೆಗಳಲ್ಲಿ ಬೆಳೆಯೋ ಮುಡ್ಲಿ, ಕೋನ, ಸುವರ್ಣಗಡ್ಡೆ ನಿಮಗೆ ಗೊತ್ತೇ ಇದೆ. ಜನವರಿಯಲ್ಲಿ ಅದಕ್ಕೇ ಒಂದು ಮೇಳ ಆಗುತ್ತೆ. ಮಾರೋರು ಹೆಚ್ಚಾಗಿ ಹೆಂಗಸರು. ಅವರ ಆದಾಯ, ಖರ್ಚು, ಸಾಲದ ಬಗ್ಗೆ 50 ಜನರನ್ನ ಕೇಳೋದು ಅಂತ ಪ್ಲಾನ್ ಮಾಡಿದ್ವಿ.

ಪ್ರಶ್ನೆಗಳನ್ನ ಇಂಗ್ಲಿಷಲ್ಲಿ ಮಾಡಿ ಕನ್ನಡಕ್ಕೆ ತಂದ್ವಿ. ಸಂತೆಗೆ ಹೋದಾಗ ಗೊತ್ತಾಯ್ತು, ಅವರು ಮನೇಲಿ ಮಾತಾಡೋದು ಕೊಂಕಣಿ. "ನಿಮ್ಮ ಮಾಸಿಕ ಆದಾಯ?" ಅಂತ ಕೇಳಿದ್ರೆ ನಗ್ತಿದ್ರು. ಗಡ್ಡೆ ಕೀಳೋದೇ ವರ್ಷಕ್ಕೊಂದು ಸಲ, ಮಾರೋದು ಒಂದೆರಡು ತಿಂಗಳು, ಮಾಸಿಕ ಎಲ್ಲಿಂದ ಬರಬೇಕು? ಒಂದೊಂದು ಫಾರ್ಮಿಗೆ ಅರ್ಧ ತಾಸು ಹಿಡೀತು. ಎರಡು ದಿನಕ್ಕೆ 11 ಆಯ್ತು. ಪರೀಕ್ಷೆ ಹತ್ರ ಬಂತು.

ಉಳಿದ 39 ಫಾರ್ಮನ್ನ ಒಂದು ರಾತ್ರಿ ರೂಮಲ್ಲಿ ಕೂತು, ಚಹಾ ಕುಡಿದು, ಬೇರೆ ಬೇರೆ ಪೆನ್ನಲ್ಲಿ ನಾವೇ ತುಂಬಿದ್ವಿ.

"ಸಾಲ ಬೇಕಾ?" ಅನ್ನೋ ಕಾಲಂ ಇತ್ತು. ನಿಜವಾದ 11 ಜನರಲ್ಲಿ ಬೇಕು ಅಂದವರು ಒಬ್ಬರೇ. ನಾವು ತುಂಬಿದ 39ರಲ್ಲಿ 35ಕ್ಕೆ "ಹೌದು" ಟಿಕ್ ಹಾಕಿದ್ವಿ. ಯಾಕೆ? ಸಣ್ಣ ವ್ಯಾಪಾರಿಗೆ ಸಾಲದ ಕೊರತೆ ಅಂತ ಪುಸ್ತಕದಲ್ಲಿ ಓದಿದ್ವಲ್ಲ, ಅದಕ್ಕೆ. ಪಿಪಿಟಿಯಲ್ಲಿ ದೊಡ್ಡದಾಗಿ ಬಂತು: 72% ಮಹಿಳೆಯರಿಗೆ ಸಾಲ ಬೇಕು. ಪೈ ಚಾರ್ಟ್ ಚೆಂದ ಇತ್ತು. ತೀರ್ಪುಗಾರರೊಬ್ಬರು "ಇದನ್ನ ಬ್ಯಾಂಕಿನವರು ನೋಡಬೇಕು" ಅಂದ್ರು. ಸರ್ಟಿಫಿಕೇಟೂ ಸಿಕ್ತು.

ಈ ಜನವರಿಯಲ್ಲಿ ಮೇಳಕ್ಕೆ ಹೋದಾಗ ಆ 11 ಜನರಲ್ಲಿ ಒಬ್ಬ ಅಜ್ಜಿ ನನ್ನ ಗುರುತು ಹಿಡಿದ್ರು. ಕೇಳಿದ್ದು ಒಂದೇ ಮಾತು: "ಆ ಬಸ್ಸಿನ ವಿಷಯ ಬರೆದ್ಯಾ?"

ಬರೆದಿರಲಿಲ್ಲ. ಸಂಜೆ ಬಸ್ಸು ತಪ್ಪಿದ್ರೆ ಊರಿಗೆ ಹೋಗೋಕೆ ಬೇರೆ ಗಾಡಿ ಇಲ್ಲ, ಅದಕ್ಕೇ ಮಧ್ಯಾಹ್ನ ಆಗ್ತಿದ್ದಂಗೆ ಉಳಿದಿದ್ದನ್ನ ಅರ್ಧ ರೇಟಿಗೆ ಕೊಟ್ಟು ಹೋಗ್ತೀವಿ ಅಂತ ಅವರು ಹೇಳಿದ್ರು. ಇನ್ನೂ ಮೂರ್ನಾಲ್ಕು ಜನ ಹೇಳಿದ್ರು. ನಮ್ಮ ಫಾರ್ಮಲ್ಲಿ ಬಸ್ಸಿಗೆ ಕಾಲಂ ಇರಲಿಲ್ಲ.

(3/4)
"ಕಾಲೇಜ್ ಸ್ಪರ್ಧೆ ತಾನೇ, ಎಲ್ಲರೂ ಮಾಡ್ತಾರೆ" ಅಂತೀರಿ ಅಂತ ಗೊತ್ತು. ನಾವೂ ಅಂದಿದ್ದೇ. ಆದ್ರೆ ಲೆಕ್ಕ ನೋಡಿ. ನಮ್ಮ 72% ಯಾರಾದ್ರೂ ನಂಬಿದ್ರೆ ಅವರಿಗೆ ಸಾಲದ ಮೇಳ ಬರುತ್ತೆ, ಬಸ್ಸು ಬರಲ್ಲ. ಆ ಅಜ್ಜಿ ಗಿರಾಕಿ ಬಿಟ್ಟು ನಮಗೆ ಅರ್ಧ ತಾಸು ಕೊಟ್ಟಿದ್ರು. ನಮ್ಮ ಸುಳ್ಳು 39 ಫಾರ್ಮು ಅವರ ಒಂದು ಖರೇ ಮಾತನ್ನ ಮುಚ್ಚಿಬಿಟ್ವು. ಅಕೌಂಟ್ಸ್ ಕ್ಲಾಸಲ್ಲಿ ಇಲ್ಲದ ಬಿಲ್ ಸೇರಿಸೋದಕ್ಕೆ ಏನಂತೀವಿ? ಇದಕ್ಕೂ ಅದೇ ಹೆಸರು.

ದೊಡ್ಡವರೂ ಇದನ್ನ ಮಾಡಿ ಬಿದ್ದಿದ್ದಾರೆ. ನೆದರ್ಲೆಂಡ್ಸಿನ ಟಿಲ್ಬರ್ಗ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರೊಫೆಸರ್ ಡೀಡೆರಿಕ್ ಸ್ಟಾಪೆಲ್ ವರ್ಷಗಟ್ಟಲೆ ತಾನೇ ಅಂಕಿಅಂಶ ಹುಟ್ಟಿಸಿ ಪ್ರಬಂಧ ಬರೀತಿದ್ದರು. 2011ರಲ್ಲಿ ಸಿಕ್ಕಿಬಿದ್ರು. ಅನುಮಾನಪಟ್ಟು ದೂರು ಕೊಟ್ಟಿದ್ದು ಮೂವರು ಕಿರಿಯ ಸಂಶೋಧಕರು. ಆಮೇಲೆ ಅವರ 50ಕ್ಕೂ ಹೆಚ್ಚು ಪ್ರಬಂಧಗಳನ್ನ ಜರ್ನಲ್‌ಗಳು ವಾಪಸ್ ತಗೊಂಡ್ವು.

ಇದಕ್ಕೆ ಉಲ್ಟಾ ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದ್ರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಲ್ಲಿ ಬೆಂಕಿ ಬಿದ್ದು, ಅವರು ವಿಂಗಡಿಸಿ ಇಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದ್ವು. ಆದ್ರೂ ನೆನಪಿನ ಮೇಲೆ 'ದಿ ರಿಮೆಂಬರ್ಡ್ ವಿಲೇಜ್' ಬರೆದ್ರು, 1976ರಲ್ಲಿ ಬಂತು. ಜನರ ಜೊತೆ ಕೂತವರಿಗೆ ಕಾಗದ ಸುಟ್ಟರೂ ಏನೋ ಉಳಿಯುತ್ತೆ. ನಮ್ಮ 39 ಫಾರ್ಮು ಸುಟ್ಟರೆ ಏನು ಉಳೀತದೆ? ಚಹಾದ ಲೋಟ.

(4/4)
ಹಂಗಂತ ಸ್ಪರ್ಧೆ ಬಿಡಬೇಡಿ. ಈ ಸಲ ನಾವು ಮತ್ತೆ ಹೆಸರು ಕೊಟ್ಟಿದ್ದೀವಿ. ಕಲಿತಿದ್ದು ಇಷ್ಟು:

▪️ ಸಣ್ಣ ಪ್ರಶ್ನೆ ತಗೊಳ್ಳಿ. "ಗ್ರಾಮೀಣ ಮಹಿಳೆಯರ ಆರ್ಥಿಕ ಸ್ಥಿತಿ" ಬೇಡ. "ಸಂಜೆ ಬಸ್ಸಿನ ಟೈಮಿಗೂ ಗಡ್ಡೆ ರೇಟಿಗೂ ಏನು ಸಂಬಂಧ" ಸಾಕು.

▪️ ಫಾರ್ಮ್ ಮಾಡೋ ಮೊದಲು ಬರಿಗೈಲಿ ಒಂದು ಸಂತೆ ಸುತ್ತಿ ಬನ್ನಿ. ಕಾಲಂ ಏನಿರಬೇಕು ಅಂತ ಜನರೇ ಹೇಳ್ತಾರೆ.

▪️ ಅವರ ಭಾಷೆ ಬರೋರನ್ನ ಟೀಮಿಗೆ ಸೇರಿಸ್ಕೊಳ್ಳಿ. ನಮ್ಮ ಕಡೆ ಕೊಂಕಣಿ, ಮರಾಠಿ, ಉರ್ದು ಬರೋ ಗೆಳೆಯರಿಗೇನು ಬರ ಇಲ್ಲ.

▪️ ಎಷ್ಟು ಜನ ಸಿಕ್ರೋ ಅಷ್ಟೇ ಬರೀರಿ. ಈ ಸಲ ನಮಗೆ ಸಿಕ್ಕಿದ್ದು 14. "14 ಜನರ ಮಾತಿದು, ಇಡೀ ತಾಲೂಕಿನದ್ದಲ್ಲ" ಅಂತ ಮೊದಲ ಸ್ಲೈಡಲ್ಲೇ ಹಾಕಿದ್ದೀವಿ.

▪️ ಮುಗಿದ ಮೇಲೆ ವಾಪಸ್ ಹೋಗಿ ಏನು ಬರೆದ್ರಿ ಅಂತ ಅವರಿಗೆ ಹೇಳಿ.

ಇದನ್ನ ಓದ್ತಿರೋ ಮೇಷ್ಟ್ರಿಗೂ ತೀರ್ಪುಗಾರರಿಗೂ ಒಂದು ವಿನಂತಿ. "ಸ್ಯಾಂಪಲ್ ಎಷ್ಟು?" ಅಂತ ಮೊದಲು ಕೇಳಿದ್ರೆ ನಾವು ಸಂಖ್ಯೆ ಹುಟ್ಟಿಸ್ತೀವಿ. "ನೀವು ಅಂದ್ಕೊಂಡಿದ್ದಕ್ಕೆ ಉಲ್ಟಾ ಯಾರು, ಏನು ಹೇಳಿದ್ರು?" ಅಂತ ಕೇಳಿ. ರೂಮಲ್ಲಿ ಕೂತು ತುಂಬಿದವರ ಹತ್ರ ಅದಕ್ಕೆ ಉತ್ತರ ಇರಲ್ಲ. ಕಳೆದ ವರ್ಷ ನಮ್ಮನ್ನ ಹಂಗೆ ಕೇಳಿದ್ದಿದ್ರೆ ಅಲ್ಲೇ ಸಿಕ್ಕಿಬೀಳ್ತಿದ್ವಿ, ಒಳ್ಳೇದೇ ಆಗ್ತಿತ್ತು.

39ರ ವಿಷಯ ಗೈಡ್ ಸರ್‌ಗೆ ಹೋದ ವಾರ ಹೇಳಿದ್ವಿ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ "ಆಯೋಜಕರಿಗೆ ನೀವೇ ಪತ್ರ ಬರೀರಿ" ಅಂದ್ರು. ಬರೆದಿದ್ದೀವಿ, ಸರ್ಟಿಫಿಕೇಟನ್ನೂ ಅದರ ಜೊತೆ ಇಟ್ಟಿದ್ದೀವಿ. ನಾಲ್ವರಲ್ಲಿ ಮೂವರು ಸಹಿ ಹಾಕಿದ್ವಿ. ನಾಲ್ಕನೆಯವರಿಗೆ ಬೈಯೋಕೆ ನನಗೆ ಬಾಯಿಲ್ಲ, ನನಗೇ ಇಷ್ಟು ತಿಂಗಳು ಬೇಕಾಯ್ತು.

ನೀವೂ ಹಿಂಗೆ ಫಾರ್ಮ್ ತುಂಬಿದ್ದೀರಾ? ಕಮೆಂಟಲ್ಲಿ ಹೆಸರು ಬೇಡ, "ಹೌದು" ಅಂತ ಬರೆದ್ರೆ ಸಾಕು. ಮೊದಲನೇ "ಹೌದು" ನಂದು.

#ಬಿಕಾಂಬೆಂಚು #ದಾಂಡೇಲಿ #ಹಳಿಯಾಳ #ಜೋಯಿಡಾ #ಮುಂಡಗೋಡ