ಕ್ಯಾನ್ಸರ್: ಔಷಧ ಹತ್ತಿರ ಬಂದಿದೆ, ರೋಗಿ ಬರುವುದು ಇನ್ನೂ ತಡ

ಉತ್ತರ ಕರ್ನಾಟಕದ ಯಾವುದೇ ಊರಿನಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದರೆ ಒಂದು ಕಾಲದಲ್ಲಿ ಎರಡೇ ಹೆಸರು ಕೇಳಿಬರುತ್ತಿದ್ದವು. ಒಂದು ಬೆಂಗಳೂರಿನ ಕಿದ್ವಾಯಿ, ಇನ್ನೊಂದು ಮುಂಬೈಯ ಟಾಟಾ. ರಾತ್ರಿ ಬಸ್ಸು ಇಲ್ಲವೇ ರೈಲು, ಪರಿಚಯದವರ ಮನೆ ಇಲ್ಲವೇ ಛತ್ರ. ಒಂದು ದಿನದ ಕಿಮೊಥೆರಪಿಗೆ ಮೂರು ದಿನದ ಓಡಾಟ. ಜೊತೆಗೆ ಹೋಗುವವರ ಅಂಗಡಿ ಮುಚ್ಚುತ್ತಿತ್ತು, ಹೊಲದ ಕೆಲಸ ನಿಲ್ಲುತ್ತಿತ್ತು. ನಾಲ್ಕೈದು ಸುತ್ತು ಮುಗಿಯುವಷ್ಟರಲ್ಲಿ ಕೈಯಲ್ಲಿದ್ದ ಹಣವೂ ಧೈರ್ಯವೂ ಮುಗಿದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರು ಅನೇಕರು.

ಆ ಚಿತ್ರ ಈಗ ನಿಧಾನವಾಗಿ ಬದಲಾಗುತ್ತಿದೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಕೇಂದ್ರಗಳನ್ನು ಆರಂಭಿಸಿತು. ರೋಗಿಗೆ ಯಾವ ಔಷಧ, ಎಷ್ಟು ಸುತ್ತು ಎಂಬುದನ್ನು ದೊಡ್ಡ ಆಸ್ಪತ್ರೆಯ ತಜ್ಞರು ನಿರ್ಧರಿಸುತ್ತಾರೆ. ಮುಂದಿನ ಸುತ್ತುಗಳನ್ನು ತಮ್ಮ ಜಿಲ್ಲೆಯಲ್ಲೇ ಪಡೆದು ಸಂಜೆ ಮನೆಗೆ ಮರಳಬಹುದು. ಮೂರು ವರ್ಷಗಳಲ್ಲಿ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಕೇಂದ್ರ ಬರಲಿದೆ ಎಂದು ಅದೇ ವರ್ಷದ ಕೇಂದ್ರ ಬಜೆಟ್ ಘೋಷಿಸಿದೆ.

ಇದು ಸಂತೋಷದ ಸುದ್ದಿ. ಆದರೆ ಚಿಕಿತ್ಸೆ ಎಷ್ಟೇ ಹತ್ತಿರ ಬಂದರೂ ರೋಗಿ ಅಲ್ಲಿಗೆ ಯಾವ ಹಂತದಲ್ಲಿ ಬರುತ್ತಾರೆ ಎಂಬುದೇ ಅಂತಿಮ ಲೆಕ್ಕ.

ಹಂತವೇ ಎಲ್ಲ

ದೇಶದ 43 ಕ್ಯಾನ್ಸರ್ ನೋಂದಣಿ ಕೇಂದ್ರಗಳ ಅಂಕಿಅಂಶ ಆಧರಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 2024ರಲ್ಲಿ ಭಾರತದಲ್ಲಿ ಸುಮಾರು 15.6 ಲಕ್ಷ ಹೊಸ ಪ್ರಕರಣಗಳು ಕಂಡುಬಂದಿವೆ, ಸುಮಾರು 8.7 ಲಕ್ಷ ಜನ ತೀರಿಕೊಂಡಿದ್ದಾರೆ. ಒಬ್ಬ ಭಾರತೀಯನಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 11. ಅಂದರೆ ಒಂಬತ್ತು ಜನರಲ್ಲಿ ಒಬ್ಬರು. ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಒಂಬತ್ತು ಜನರಿರುವ ಮನೆಗಳು ಸಮಾಜದಲ್ಲಿ ಬೇಕಾದಷ್ಟಿವೆ. ಇದು ಯಾರದೋ ಮನೆಯ ವಿಷಯವಲ್ಲ.

ಸ್ತನ ಕ್ಯಾನ್ಸರ್ ಕುರಿತು 11 ನೋಂದಣಿ ಕೇಂದ್ರಗಳ ವ್ಯಾಪ್ತಿಯಲ್ಲಿ ನಡೆದ ಇನ್ನೊಂದು ಅಧ್ಯಯನ 2012ರಿಂದ 2015ರ ನಡುವೆ ರೋಗ ಪತ್ತೆಯಾದ ಸುಮಾರು 18 ಸಾವಿರ ಮಹಿಳೆಯರನ್ನು ಗಮನಿಸಿತು. ರೋಗ ಸ್ತನದಲ್ಲಷ್ಟೇ ಇದ್ದಾಗ ಪತ್ತೆಯಾದವರಲ್ಲಿ ಐದು ವರ್ಷದ ನಂತರವೂ ಬದುಕಿದ್ದವರು ಶೇ. 81. ಸುತ್ತಲಿನ ಭಾಗಕ್ಕೆ ಹರಡಿದ್ದರೆ ಶೇ. 65.5. ದೂರದ ಅಂಗಗಳಿಗೆ ಹರಡಿದ ನಂತರ ಪತ್ತೆಯಾದವರಲ್ಲಿ ಕೇವಲ ಶೇ. 18.3. ರೋಗ ಅದೇ, ದೇಶ ಅದೇ. ಈ ಅಂತರದಲ್ಲಿ ದೊಡ್ಡ ಪಾಲು ಎಷ್ಟು ಬೇಗ ಪತ್ತೆಯಾಯಿತು ಎಂಬುದರದ್ದು.

ಪತ್ತೆಗೆ ದೊಡ್ಡ ಯಂತ್ರವೇ ಬೇಕಿಲ್ಲ

ಬೇಗ ಪತ್ತೆಹಚ್ಚಲು ಲಕ್ಷಗಟ್ಟಲೆ ಬೆಲೆಯ ಸ್ಕ್ಯಾನ್ ಬೇಕು ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ ಎಂಬುದನ್ನು ಭಾರತದ ವೈದ್ಯರೇ ತೋರಿಸಿಕೊಟ್ಟಿದ್ದಾರೆ.

ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಮುಂಬೈಯ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಮೇಲೆ ಪ್ರಯೋಗವೊಂದನ್ನು ಆರಂಭಿಸಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. ಗರ್ಭಕಂಠಕ್ಕೆ ವಿನೆಗರ್‌ನಂಥ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ, ಬಿಳಿ ಮಚ್ಚೆ ಮೂಡುತ್ತದೆಯೇ ಎಂದು ಬರಿಗಣ್ಣಿನಿಂದ ನೋಡಿದರು. ಗರ್ಭಕಂಠ ಕ್ಯಾನ್ಸರ್‌ನ ಸಾವು ಶೇ. 31ರಷ್ಟು ಇಳಿಯಿತು. ಸ್ತನ ಪರೀಕ್ಷೆಯಿಂದ 50 ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾದದ್ದು 2021ರಲ್ಲಿ ಪ್ರಕಟವಾದ ಫಲಿತಾಂಶದಿಂದ ತಿಳಿಯಿತು. ಕೇರಳದ ತಿರುವನಂತಪುರದಲ್ಲಿ ನಡೆದ ಬಾಯಿ ತಪಾಸಣೆಯೂ ತಂಬಾಕು, ಮದ್ಯದ ಚಟವಿದ್ದವರ ಸಾವನ್ನು ಗಣನೀಯವಾಗಿ ಇಳಿಸಿತು. ಅಲ್ಲಿ ಬಳಸಿದ್ದು ಒಳ್ಳೆಯ ಬೆಳಕು ಮತ್ತು ತರಬೇತಿ ಪಡೆದ ಕಣ್ಣು.

ಕೇಂದ್ರ ಸರ್ಕಾರ 2016ರಲ್ಲೇ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ತಪಾಸಣೆ ಮಾಡುವ ಕ್ರಮ ರೂಪಿಸಿತು. ಕರ್ನಾಟಕದ ಗೃಹ ಆರೋಗ್ಯ ಯೋಜನೆಯಲ್ಲೂ ಬಿಪಿ, ಶುಗರ್ ಜೊತೆಗೆ ಈ ಮೂರು ಕ್ಯಾನ್ಸರ್‌ಗಳ ತಪಾಸಣೆ ಸೇರಿದೆ.

ಆದರೆ ಜನ ಮುಂದೆ ಬಂದಿದ್ದಾರೆಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಉತ್ತರ ನಿರಾಶೆ ಹುಟ್ಟಿಸುತ್ತದೆ. ದೇಶದ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿದವರು ಶೇ. 1.9, ಸ್ತನ ತಪಾಸಣೆ ಮಾಡಿಸಿದವರು ಶೇ. 0.9. ನೂರು ಜನರಲ್ಲಿ ಇಬ್ಬರು ಕೂಡ ಇಲ್ಲ. ಮನೆ ಬಾಗಿಲಿಗೆ ಬಂದ ಕಾರ್ಯಕರ್ತೆಗೆ "ನಮ್ಮನೇಲಿ ಎಲ್ಲ ಚೆನ್ನಾಗಿದ್ದಾರಮ್ಮ" ಎಂದು ಹೇಳಿ ಕಳಿಸುವ ಮನೆಗಳಲ್ಲಿ ಓದಿದವರ ಮನೆಗಳೂ ಇವೆ.

ಔಷಧದ ಬೆಲೆ: ಇಳಿದದ್ದು, ಇಳಿಯಬೇಕಾದದ್ದು

ವ್ಯಾಪಾರ ಬಲ್ಲವರಿಗೆ ಕ್ಯಾನ್ಸರ್ ಔಷಧದ ಬೆಲೆಯ ಕಥೆ ಕುತೂಹಲದ್ದು. 2012ರಲ್ಲಿ ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರ್‌ಗೆ ಬಳಸುವ ಸೊರಾಫೆನಿಬ್ ಮಾತ್ರೆಗೆ ತಿಂಗಳಿಗೆ 2.8 ಲಕ್ಷ ರೂ. ಆಗುತ್ತಿತ್ತು. ಭಾರತದ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟಾಗ ಅದು 8,880 ರೂ.ಗೆ ಇಳಿಯಿತು. ರಕ್ತದ ಕ್ಯಾನ್ಸರ್‌ನ ಇಮ್ಯಾಟಿನಿಬ್ ಪೇಟೆಂಟ್ ಅರ್ಜಿಯನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಿರಸ್ಕರಿಸಿದ ಮೇಲೆ ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆಗಳ ದಾರಿ ಸುಗಮವಾಯಿತು. ಬೆಂಗಳೂರಿನ ಬಯೋಕಾನ್ ಒಂದು ಬಗೆಯ ಸ್ತನ ಕ್ಯಾನ್ಸರ್‌ಗೆ ಬಳಸುವ ಟ್ರಾಸ್ಟುಜುಮಾಬ್ ಇಂಜೆಕ್ಷನ್‌ನ ಬಯೋಸಿಮಿಲರ್ ರೂಪವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. 2017ರಲ್ಲಿ ಅಮೆರಿಕವೂ ಅದಕ್ಕೆ ಒಪ್ಪಿಗೆ ನೀಡಿತು.

2019ರಲ್ಲಿ 42 ಕ್ಯಾನ್ಸರ್ ಔಷಧಗಳ ಮೇಲೆ ವ್ಯಾಪಾರಿ ಲಾಭಾಂಶಕ್ಕೆ ಶೇ. 30ರ ಮಿತಿ ಬಂತು. ಅದಕ್ಕೂ ಮೊದಲು ಎಂಆರ್‌ಪಿಗೂ ಖರೀದಿ ದರಕ್ಕೂ ಎಷ್ಟು ಅಂತರವಿತ್ತೆಂದರೆ, ಮಿತಿ ಬಂದ ಮೇಲೆ ಕೆಲವು ಬ್ರ್ಯಾಂಡ್‌ಗಳ ಬೆಲೆ ಶೇ. 90ರವರೆಗೂ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ 33 ಜೀವರಕ್ಷಕ ಔಷಧಗಳ ಮೇಲಿದ್ದ ಶೇ. 12ರ ಜಿಎಸ್‌ಟಿ ಶೂನ್ಯವಾಗಿದೆ. ಇವುಗಳಲ್ಲಿ ಕ್ಯಾನ್ಸರ್ ಔಷಧಗಳೂ ಇವೆ.

ಇಷ್ಟಾದರೂ ಹೊಸ ಔಷಧಗಳು ಸಾಮಾನ್ಯರ ಕೈಗೆ ಎಟುಕುತ್ತಿಲ್ಲ. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿಯ ಪೂರ್ಣ ಪ್ರಮಾಣಕ್ಕೆ ಲಕ್ಷಾಂತರ ರೂಪಾಯಿ ಬೇಕು. ಇಲ್ಲೂ ಟಾಟಾ ವೈದ್ಯರು ಬೇರೆ ದಾರಿ ಹುಡುಕಿದರು. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಮುಂದುವರಿದ ರೋಗಿಗಳಿಗೆ ನಿವೊಲುಮಾಬ್ ಔಷಧವನ್ನು ಸಾಮಾನ್ಯ ಪ್ರಮಾಣದ ಹತ್ತನೇ ಒಂದಕ್ಕಿಂತ ಕಡಿಮೆ, ಅಂದರೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ಮಾತ್ರ, ಇತರ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16ರಿಂದ ಶೇ. 43ಕ್ಕೆ ಏರಿತು. 2022ರಲ್ಲಿ ಪ್ರಕಟವಾದ ಈ ಫಲಿತಾಂಶ ಬಡ ದೇಶಗಳಿಗೆಲ್ಲ ದಾರಿ ತೋರಿತು.

ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಐಐಟಿ ಬಾಂಬೆ ಮತ್ತು ಟಾಟಾ ಸೇರಿ ಅಭಿವೃದ್ಧಿಪಡಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ರೋಗಿಯ ರಕ್ತಕಣಗಳನ್ನೇ ತೆಗೆದು, ಪ್ರಯೋಗಾಲಯದಲ್ಲಿ ಬದಲಾಯಿಸಿ, ಮತ್ತೆ ದೇಹಕ್ಕೆ ಸೇರಿಸುವ ಕ್ರಮವಿದು. ವಿದೇಶದಲ್ಲಿ ಮೂರು ನಾಲ್ಕು ಕೋಟಿ ಆಗುವ ಇಂಥ ಚಿಕಿತ್ಸೆ ಇಲ್ಲಿ ಸುಮಾರು 40-50 ಲಕ್ಷ ರೂ.ಗೆ ಬಂದಿದೆ. ದೊಡ್ಡ ಸಾಧನೆ, ನಿಜ. ಆದರೆ ಮಧ್ಯಮ ವರ್ಗದ ಮನೆಗೆ ಅದೂ ಮನೆ ಮಾರುವ ಮೊತ್ತವೇ.

ನಡುವೆ ಸಿಕ್ಕಿಕೊಂಡವರು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ. ಸಣ್ಣ ಅಂಗಡಿ, ನಾಲ್ಕಾರು ಎಕರೆ ಜಮೀನು, ಖಾಸಗಿ ನೌಕರಿ ಇರುವ ಮನೆಗಳು ಇಲ್ಲಿ ಸಿಕ್ಕಿಕೊಳ್ಳುತ್ತವೆ. ಬಡವರ ಪಟ್ಟಿಯಲ್ಲಿ ಹೆಸರಿಲ್ಲ, ಖಾಸಗಿ ಆಸ್ಪತ್ರೆಯ ಬಿಲ್ಲು ಕಟ್ಟುವ ಶಕ್ತಿಯೂ ಇಲ್ಲ. ಜೈನ ಸಮಾಜದ ಹಲವು ಮನೆಗಳ ಸ್ಥಿತಿ ಇದೇ.

ಇಂಥವರಿಗೆ ಆರೋಗ್ಯ ವಿಮೆ ಅನಿವಾರ್ಯ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿದೆ. ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಅವಧಿಯ ಮಿತಿ 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದಿದೆ. ಆದರೆ ವಿಮೆಯನ್ನು ಆರೋಗ್ಯವಾಗಿರುವಾಗಲೇ ಮಾಡಿಸಬೇಕು, ಇರುವ ಕಾಯಿಲೆಯನ್ನು ಮುಚ್ಚಿಡದೆ ಬರೆಯಬೇಕು. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಕೈಕೊಡುತ್ತದೆ.

ಸಸ್ಯಾಹಾರ ಒಳ್ಳೆಯದು, ಆದರೆ ಅದೊಂದೇ ಸಾಲದು

"ನಮ್ಮದು ಶುದ್ಧ ಆಹಾರ, ಮದ್ಯ ಮುಟ್ಟುವುದಿಲ್ಲ, ನಮಗೆಲ್ಲಿಯ ಕ್ಯಾನ್ಸರ್" ಎಂಬ ಮಾತು ಸಮಾಜದಲ್ಲಿ ಆಗಾಗ ಕೇಳಿಬರುತ್ತದೆ. ಮದ್ಯ ಮತ್ತು ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗವೇ ಹೇಳಿದೆ. ಆ ಮಟ್ಟಿಗೆ ಹಿರಿಯರು ಹಾಕಿಕೊಟ್ಟ ದಾರಿ ರಕ್ಷೆಯೇ ಸರಿ. ಆದರೆ ಸ್ತನ ಕ್ಯಾನ್ಸರ್ ವಯಸ್ಸು, ತೂಕ, ತಡವಾದ ಮೊದಲ ಹೆರಿಗೆ, ವಂಶವಾಹಿ ಇವುಗಳ ಜೊತೆ ನಂಟು ಹೊಂದಿದೆ. ಗರ್ಭಕಂಠದ್ದು ಎಚ್‌ಪಿವಿ ಎಂಬ ವೈರಾಣುವಿನಿಂದ ಬರುತ್ತದೆ. ಇವಕ್ಕೆ ಅಡುಗೆಮನೆಯ ಶುದ್ಧಿ ಅಡ್ಡ ನಿಲ್ಲುವುದಿಲ್ಲ.

ಊಟದ ನಂತರದ ಎಲೆ ಅಡಿಕೆಯ ವಿಷಯವೂ ಇದೆ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು 2004ರಲ್ಲೇ ಅದೇ ಸಂಸ್ಥೆ ಪ್ರಕಟಿಸಿದೆ. ಮಲೆನಾಡು, ಕರಾವಳಿಯ ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ಅದು ಅವರ ಬದುಕಿನ ಪ್ರಶ್ನೆ. ಆದರೆ ಬಾಯಿ ಪೂರ್ತಿ ತೆರೆಯಲು ಕಷ್ಟವಾಗುತ್ತಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ ವಾದ ಬಿಟ್ಟು ದಂತವೈದ್ಯರಿಗೆ ತೋರಿಸುವುದು ಜಾಣತನ. ಗುಟ್ಕಾ ಬಗ್ಗೆಯಂತೂ ವಾದವೇ ಇಲ್ಲ.

ಚಿಕಿತ್ಸೆ ಪಡೆಯುವಾಗ ವ್ರತ ನಿಯಮಗಳ ಪ್ರಶ್ನೆ ಬರುತ್ತದೆ. ರಾತ್ರಿಭೋಜನ ತ್ಯಾಗ ಇರುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಿದರೆ ಹಗಲಿನಲ್ಲೇ ಐದಾರು ಬಾರಿ ಸ್ವಲ್ಪ ಸ್ವಲ್ಪ ಆಹಾರ, ನೀರು ತೆಗೆದುಕೊಳ್ಳುವಂತೆ ಹೊಂದಿಸಬಹುದು. ರಾತ್ರಿ ಔಷಧ ಬೇಕೇಬೇಕೆಂದು ವೈದ್ಯರು ಹೇಳಿದರೆ ಅದನ್ನು ತಪ್ಪಿಸಬಾರದು. ಬೇಳೆ, ಕಾಳು, ಹಾಲು, ಮೊಸರಿನಿಂದ ಬೇಕಾದ ಪ್ರೋಟೀನ್ ಸಿಗುತ್ತದೆ. ಸೋಸಿ ಕುದಿಸಿದ ನೀರಿನ ರೂಢಿ ಈ ಸಮಯದಲ್ಲಿ ವೈದ್ಯರೂ ಮೆಚ್ಚುವಂಥದ್ದು. ಆದರೆ ಕಿಮೊಥೆರಪಿ ನಡುವೆ ಉಪವಾಸ ಕೂರುವುದು ಅಪಾಯ. ವೈದ್ಯರನ್ನು ಕೇಳದೆ ಅದನ್ನು ಮಾಡಲೇಬಾರದು.

ತಡ ಎಲ್ಲಿ ಆಗುತ್ತದೆ

ಮನೆಯ ಹೆಂಗಸರು ಸ್ತನದಲ್ಲಿ ಗಂಟು ಕಂಡರೂ ತಿಂಗಳುಗಟ್ಟಲೆ ಹೇಳುವುದಿಲ್ಲ. ನೋವಿಲ್ಲ, ಹಾಗಾಗಿ ಏನೂ ಇರಲಾರದು ಎಂದುಕೊಳ್ಳುತ್ತಾರೆ. ಆರಂಭದ ಗಂಟಿಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ ಎಂಬುದು ಗೊತ್ತಿರುವುದಿಲ್ಲ. ಮಗಳ ಮದುವೆ ಮುಗಿಯಲಿ, ಪೂಜೆ ಮುಗಿಯಲಿ ಎಂದು ಮುಂದೂಡುತ್ತಾರೆ. ಸುದ್ದಿ ಹೊರಬಿದ್ದರೆ ಮಕ್ಕಳ ಸಂಬಂಧ ತಪ್ಪೀತೆಂಬ ಭಯ ಬೇರೆ. ವಂಶಪಾರಂಪರ್ಯದ ಕ್ಯಾನ್ಸರ್ ನೂರರಲ್ಲಿ ಐದರಿಂದ ಹತ್ತು ಮಾತ್ರ. ಒಬ್ಬರ ಮನೆಯ ಕಾಯಿಲೆಯಿಂದ ಸಂಬಂಧ ಮುರಿಯುವವರು ಈ ಅಂಕಿಯನ್ನು ನೆನಪಿಡಬೇಕು.

ಎರಡನೆಯ ತಡ ಬಯಾಪ್ಸಿಯ ಭಯದಿಂದ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬುದು ತಪ್ಪು ನಂಬಿಕೆ. ಬಯಾಪ್ಸಿ ಇಲ್ಲದೆ ಯಾವ ಬಗೆಯ ಕ್ಯಾನ್ಸರ್, ಯಾವ ಔಷಧ ಹಿಡಿಯುತ್ತದೆ ಎಂಬುದನ್ನು ವೈದ್ಯರು ನಿರ್ಧರಿಸಲಾರರು. ಮೂರನೆಯದು ಗ್ಯಾರಂಟಿ ಔಷಧ ಕೊಡುತ್ತೇವೆನ್ನುವವರ ಬಳಿ ಕಳೆಯುವ ಕಾಲ. ಮೊದಲ ಹಂತದಲ್ಲಿದ್ದ ರೋಗ ಅಷ್ಟರಲ್ಲಿ ಮೂರನೆಯ ಹಂತಕ್ಕೆ ಹೋಗಿರುತ್ತದೆ.

ಈಗಲೇ ಮಾಡಬಹುದಾದದ್ದು

ವಾಸಿಯಾಗದ ಬಾಯಿಹುಣ್ಣು ಮೂರು ವಾರ ದಾಟಿದರೆ, ಎಲ್ಲಿಯಾದರೂ ಗಂಟು ಕಂಡರೆ, ಮುಟ್ಟು ನಿಂತ ಮೇಲೆ ರಕ್ತ ಹೋದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಧ್ವನಿ ಒಡೆದು ಸರಿಹೋಗದಿದ್ದರೆ ಕಾಯಬಾರದು. 30 ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡಿಸುವ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಬೇಕು. ದೇಶದಲ್ಲೇ ತಯಾರಾಗುವ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ.

ಬಸದಿಗಳ ವಾರ್ಷಿಕೋತ್ಸವ, ಮಹಿಳಾ ಸಮಾಜದ ಸಭೆಗಳಲ್ಲಿ ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ ಶಿಬಿರ ನಡೆಯುವುದು ರೂಢಿ. ಅದರ ಜೊತೆಗೆ ಮಹಿಳಾ ವೈದ್ಯರನ್ನು ಕರೆಸಿ, ಮರೆಯಿರುವ ಒಂದು ಕೋಣೆ ಕೊಟ್ಟು, ಈ ಮೂರು ತಪಾಸಣೆ ಮಾಡಿಸಿದರೆ ಖರ್ಚು ಹೆಚ್ಚಿಲ್ಲ. ಅನುಮಾನ ಕಂಡವರನ್ನು ಮುಂದಿನ ಆಸ್ಪತ್ರೆಗೆ ಕರೆದೊಯ್ಯಲು ಇಬ್ಬರು ಸ್ವಯಂಸೇವಕರು ಇರಬೇಕು. ಶಿಬಿರಗಳು ಸೋಲುವುದು ಸಾಮಾನ್ಯವಾಗಿ ಅಲ್ಲಿಯೇ: ಚೀಟಿ ಬರೆದು ಕೊಡುತ್ತಾರೆ, ಆಮೇಲೆ ಯಾರೂ ಕೇಳುವುದಿಲ್ಲ. ಔಷಧದಾನವನ್ನು ದಾನಗಳಲ್ಲಿ ಒಂದಾಗಿ ಎಣಿಸಿದ ಸಮಾಜಕ್ಕೆ ಈ ಕೆಲಸ ಹೊಸದಲ್ಲ. ಬಾಟಲಿ ಔಷಧದ ಜೊತೆ, ಸಮಯಕ್ಕೆ ಸರಿಯಾಗಿ ಆಸ್ಪತ್ರೆ ಮುಟ್ಟಿಸುವುದೂ ಔಷಧದಾನವೇ.

ಜಿಲ್ಲಾ ಆಸ್ಪತ್ರೆಯವರೆಗೆ ಚಿಕಿತ್ಸೆ ಬಂದು ನಿಂತಿದೆ. ಮನೆಯಿಂದ ಅಲ್ಲಿಯವರೆಗಿನ ದಾರಿಯನ್ನು ಮನೆಯವರೇ ನಡೆಯಬೇಕು, ಅದೂ ಬೇಗ.