ಬೇಲಿಯೊಂದೇ ಅಭಯದಾನವಲ್ಲ

ಪ್ರಾಣಿಗಳನ್ನು ಮನುಷ್ಯನಿಂದ ದೂರವಿರಿಸಿದರೆ ಜೀವದಯೆ ಪೂರ್ಣವಾಯಿತೆಂಬ ಭಾವನೆ ನಮ್ಮ ಸಮಾಜದಲ್ಲಿ ಬಲವಾಗಿ ಬೇರೂರಿದೆ. ಅದು ತಪ್ಪೆಂದು ಹೇಳಲು ನಾನು ಸಂಕೋಚಪಡುವುದಿಲ್ಲ. ಶ್ರೀಮಹಾವೀರಜೀ ಕ್ಷೇತ್ರದ ಯಾತ್ರೆ ಮುಗಿಸಿ ಮರಳುವಾಗ ರಾಜಸ್ಥಾನದ ಭರತಪುರದಲ್ಲಿಳಿದು ಕೇವಲಾದೇವ ಪಕ್ಷಿಧಾಮದ ವ್ಯವಸ್ಥೆಯನ್ನು ನೋಡಿದ ಮೇಲೆ ಈ ಅಭಿಪ್ರಾಯ ದೃಢವಾಯಿತು.

ಸುಮಾರು 29 ಚದರ ಕಿಲೋಮೀಟರಿನ ಈ ಜೌಗುಭೂಮಿ ಹಿಂದೆ ಅರಸರ ಬೇಟೆಯ ತಾಣ. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಗೌರವಾರ್ಥ ನಡೆದ ಬೇಟೆಯಲ್ಲಿ ಒಂದೇ ದಿನ 4,273 ಪಕ್ಷಿಗಳು ಹತವಾದುದನ್ನು ಅಲ್ಲಿಯ ಶಿಲಾಫಲಕವೇ ಸಾರುತ್ತದೆ. ಇದು ಸಂಕಲ್ಪೀ ಹಿಂಸೆ. ಗುರುತಿಸಲು ಪಾಂಡಿತ್ಯ ಬೇಡ.

ಗುರುತಿಸಲು ಕಷ್ಟವಾದುದು ಮುಂದಿನದು. 1982ರಲ್ಲಿ, ರಕ್ಷಣೆಯ ಹೆಸರಿನಲ್ಲಿ, ಸುತ್ತಣ ಹಳ್ಳಿಗರು ಒಳಗೆ ಎಮ್ಮೆ ಮೇಯಿಸುವುದನ್ನು ನಿಷೇಧಿಸಲಾಯಿತು. ಪ್ರತಿಭಟಿಸಿದವರ ಮೇಲೆ ಗೋಲೀಬಾರಾಗಿ ಹಲವರು ಪ್ರಾಣ ತೆತ್ತರು. ಹಕ್ಕಿಗಳಿಗಾದರೂ ಹಿತವಾಯಿತೇ? ಎಮ್ಮೆಗಳು ಮೇಯುತ್ತಿದ್ದ ಪಾಸ್ಪಾಲಂ ಹುಲ್ಲು ಹಬ್ಬಿ ತೆರೆದ ನೀರನ್ನೇ ಮುಚ್ಚಿತು. ಎಮ್ಮೆಯ ಬಾಯಿ ಮಾಡುತ್ತಿದ್ದ ಕೆಲಸವನ್ನು ಹಳ್ಳಿಗರ ಕುಡುಗೋಲಿಗೆ ಒಪ್ಪಿಸಬೇಕಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನವೂ ಮೇವಿನ ನಿಷೇಧ ಜೌಗುಭೂಮಿಗೆ ಕೇಡು ತಂದಿತೆಂದೇ ಕಂಡುಕೊಂಡಿತು.

ಅಲ್ಲಿಗೆ ಮತ್ತೊಂದು ಸಂಕಟವೂ ಒದಗಿತು. ಹೊರಗಿನ ನೀರಿನೊಡನೆ ಸೇರಿಕೊಂಡ ಆಫ್ರಿಕನ್ ಕ್ಯಾಟ್‌ಫಿಶ್ ಇತರ ಮೀನುಗಳನ್ನು ನುಂಗತೊಡಗಿದ್ದರಿಂದ ಅರಣ್ಯ ಇಲಾಖೆ ಅವನ್ನು ಬಲೆ ಬೀಸಿ ಹಿಡಿಸಬೇಕಾಯಿತು. ಈ ವಿವರಣೆ ಕೇಳುತ್ತಲೇ ನಮ್ಮ ಸಹಯಾತ್ರಿಕರು ಮುಖ ತಿರುಗಿಸಿದರು. ಬಲೆಯನ್ನು ಕಂಡು ಮರುಗುವ ನಾವು, ಪರ್ವದಿನಗಳಂದು ಮಾರುಕಟ್ಟೆಯ ಜೀವಂತ ಮೀನು ಕೊಂಡು, ಅದು ಯಾವ ಜಾತಿಯದೆಂದು ವಿಚಾರಿಸದೆ ಊರ ಕೆರೆಗೆ ಬಿಡುವುದಿಲ್ಲವೇ? ಒಂದು ಮೀನಿಗೆ ಅಭಯವಿತ್ತು ಸಾವಿರ ಮೀನಿಗೆ ಭಯ ತಂದರೆ ಅದು ಎಂತಹ ದಾನ? ಜಮೆಯನ್ನಷ್ಟೇ ಬರೆದು ಖರ್ಚಿನ ಪುಟ ಹರಿಯುವ ವರ್ತಕ ದಿವಾಳಿಯಾಗುತ್ತಾನೆ.

ಭಾವ ಶುದ್ಧವಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಹಿಂಸೆಯ ಲಕ್ಷಣ ಹೇಳುವಾಗ ಉಮಾಸ್ವಾಮಿಗಳು ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಅರಿಯುವ ಅವಕಾಶವಿದ್ದೂ ಅರಿಯದಿರುವುದು ಪ್ರಮಾದವಲ್ಲದೆ ಮತ್ತೇನು? ರತ್ನತ್ರಯದಲ್ಲಿ ಸಮ್ಯಕ್ ಚಾರಿತ್ರಕ್ಕಿಂತ ಮೊದಲು ಸಮ್ಯಕ್ ಜ್ಞಾನವಿರುವುದು ಅಕಸ್ಮಾತ್ತಲ್ಲ.

ಆದುದರಿಂದ ಬಸದಿಗಳ ವಿಶ್ವಸ್ತರಲ್ಲಿ ನನ್ನ ವಿನಂತಿ ಇಷ್ಟೆ: ಮೀನು ಬಿಡುವ ಪದ್ಧತಿಯನ್ನು ನಿಲ್ಲಿಸಿರಿ. ಆ ಹಣದಿಂದ ಊರ ಕೆರೆಗೆ ಹರಿಯುವ ಕೊಳಚೆಯನ್ನು ತಡೆಯಿರಿ. ಹೂಳೆತ್ತುವ ಮೊದಲು ಅಲ್ಲಿ ಯಾವ ಜೀವ ಎಲ್ಲಿ ನೆಲೆಸಿದೆಯೆಂದು ಬಲ್ಲವರನ್ನು ಕೇಳಿರಿ. ಫಲಕದ ಮೇಲೆ ದಾನಿಯ ಹೆಸರು ಬಾರದಿರಬಹುದು. ಕೆರೆಯಲ್ಲಿ ಜೀವಗಳು ಉಳಿದಾವು.