ಗುಡಿ ಬಾಗಿಲು ತೆರೆದರೆ ಸಾಲದು, ಜಾತ್ರೆಯೂ ಕೂಡಬೇಕು

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದು ಘೋಷಿಸಿತು. ಘಾಟಿ ಸುಬ್ರಹ್ಮಣ್ಯದಲ್ಲಿ ನಿಂತು ನೋಡಿದರೆ ಆ ಮಾತು ಅರ್ಧ ನಿಜ. ದರ್ಶನದ ಸಾಲು ಮರಳಿದೆ. ನಾಗರಕಲ್ಲಿಗೆ ಹಾಲೆರೆಯುವವರು ಮರಳಿದ್ದಾರೆ. ಭಾನುವಾರ ಬೆಂಗಳೂರಿನ ಕಾರುಗಳೂ ಬರುತ್ತಿವೆ. ಆಗ ನೆಮ್ಮದಿಯಿಂದ ಮರಳಬೇಕಾಗಿದ್ದುದು ಇಲ್ಲಿನ ದನಗಳ ಜಾತ್ರೆ.

ಮೊದಲ ಲಾಕ್‌ಡೌನ್ ನಂತರ 2020ರ ಜೂನ್ 8ರಂದು ದೇವಸ್ಥಾನ, ಚರ್ಚ್, ಮಸೀದಿಗಳನ್ನು ತೆರೆಯಲು ಅನುಮತಿ ಸಿಕ್ಕಿತು. ಆಗಿನ ಕೇಂದ್ರ ಮಾರ್ಗಸೂಚಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಪ್ರಸಾದ ಹಂಚಬಾರದು, ತೀರ್ಥ ಚಿಮುಕಿಸಬಾರದು, ವಿಗ್ರಹ, ಗ್ರಂಥಗಳನ್ನು ಮುಟ್ಟಬಾರದು, ಎಲ್ಲರಿಗೂ ಒಂದೇ ಚಾಪೆ ಬೇಡ, ಗುಂಪಾಗಿ ಹಾಡುವುದು ಬೇಡ. ಅಂದರೆ ದೇವರನ್ನು ಒಬ್ಬೊಬ್ಬರಾಗಿ ನೋಡಬಹುದಿತ್ತು, ಒಟ್ಟಾಗಿ ಇರುವಂತಿರಲಿಲ್ಲ. ರೋಗ ಹರಡುತ್ತಿದ್ದಾಗ ಅದು ಸರಿಯೇ. ಆದರೆ ಚರ್ಚಿಗೆ ಗುಂಪಿನ ಹಾಡು, ಮಸೀದಿಗೆ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಸಾಲು ಹೇಗೋ, ಘಾಟಿಗೆ ದನಗಳ ಜಾತ್ರೆ ಹಾಗೆ. ಅದು ಬಾರದೆ ಇಲ್ಲಿನ ಬದುಕು ಮೊದಲಿನಂತಾಯಿತು ಎನ್ನಲು ಬರುವುದಿಲ್ಲ.

ಪುಷ್ಯ ಶುದ್ಧ ಷಷ್ಠಿಗೆ ಇಲ್ಲಿ ಬ್ರಹ್ಮರಥೋತ್ಸವ. ಅದಕ್ಕೂ ಮುಂಚಿನ ದಿನಗಳಲ್ಲಿ ದನಗಳ ಜಾತ್ರೆ ಕೂಡುವುದು ವಾಡಿಕೆ. 2021ರ ಪುಷ್ಯ ಕೋವಿಡ್ ನಿರ್ಬಂಧಗಳ ನಡುವೆಯೇ ಬಂತು. 2022ರಲ್ಲಿ ಷಷ್ಠಿ ಬಿದ್ದದ್ದು ಜನವರಿ 8ಕ್ಕೆ, ಅಂದರೆ ವಾರಾಂತ್ಯ ಕರ್ಫ್ಯೂನ ಮೊದಲ ಶನಿವಾರ. ಕರ್ಫ್ಯೂ ಪ್ರಕಟವಾದದ್ದು ಬರೀ ನಾಲ್ಕು ದಿನ ಮೊದಲು. ಅದೇ ವರ್ಷದ ಡಿಸೆಂಬರ್ 28ಕ್ಕೆ ಮತ್ತೆ ಷಷ್ಠಿ ಬಂತು. ಅಷ್ಟರಲ್ಲಿ ಮನುಷ್ಯರ ರೋಗ ಇಳಿದು ದನಗಳಿಗೆ ಚರ್ಮಗಂಟು ರೋಗ ಹತ್ತಿತ್ತು. ದನಗಳ ಜಾತ್ರೆಗೆ ಆಡಳಿತ ತಡೆ ಹಾಕಿತು.

ಟ್ರ್ಯಾಕ್ಟರ್ ಕಾಲದಲ್ಲಿ ಎತ್ತಿನ ಜಾತ್ರೆ ಏಕೆ ಎಂದು ಕೇಳುವವರಿದ್ದಾರೆ. ಅವರು ಒಂದು ದಿನ ಬಂದು ನೋಡಬೇಕು. ರಾಗಿ ಕೊಯ್ಲು ಮುಗಿದು, ಬಣವೆ ಒಟ್ಟಿ, ಕೈಯಲ್ಲಿ ನಾಲ್ಕು ಕಾಸು ಇರುವ ಕಾಲ ಅದು. ಹಳ್ಳಿಕಾರ್ ಹೋರಿ ಸಾಕಿದವನಿಗೆ ವರ್ಷದ ಪರೀಕ್ಷೆ ಅಲ್ಲೇ. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ದಲ್ಲಾಳಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ದರ ಹೇಳಿದರೂ, ಪಕ್ಕದ ಜೋಡಿ ಎಷ್ಟಕ್ಕೆ ಹೋಯಿತು ಎಂಬುದು ಸಂಜೆಯೊಳಗೆ ಬಯಲಿಗೆಲ್ಲ ಗೊತ್ತಾಗುತ್ತದೆ. ಮನೆ ಬಾಗಿಲಿಗೆ ಬಂದ ಒಬ್ಬನೇ ವ್ಯಾಪಾರಿಗೆ, ಅಥವಾ ವಾಟ್ಸಾಪ್‌ನಲ್ಲಿ ಫೋಟೊ ನೋಡಿದವನಿಗೆ ಮಾರುವಾಗ ಈ ಅನುಕೂಲ ಇಲ್ಲ. ಅಲ್ಲಿ ಅವನು ಹೇಳಿದ್ದೇ ದರ. ಹಗ್ಗ, ಮೂಗುದಾರ, ಗೆಜ್ಜೆ ಮಾರುವವರು, ಪುರಿ ಅಂಗಡಿಯವರು, ಹುಲ್ಲು ತರುವವರು, ಇವರೆಲ್ಲರ ವರ್ಷದ ಲೆಕ್ಕವೂ ಆ ಕೆಲವು ದಿನಗಳ ಮೇಲಿದೆ. ಜಾತ್ರೆ ತಪ್ಪಿದರೆ ಹೋರಿ ಸಾಕಲು ಇರುವ ಒಂದು ಕಾರಣವೂ ತಪ್ಪುತ್ತದೆ. ಹಳ್ಳಿಕಾರ್ ತಳಿ ಉಳಿಸಿ ಎಂದು ಆಮೇಲೆ ಭಾಷಣ ಮಾಡಿ ಪ್ರಯೋಜನವಿಲ್ಲ.

ಚರ್ಮಗಂಟು ರೋಗ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಸೊಳ್ಳೆ, ನೊಣ, ಉಣ್ಣೆಗಳಿಂದ ಹರಡುತ್ತದೆ. ಕೊಟ್ಟಿಗೆಯಲ್ಲಿ ಹಸು ಕಳೆದುಕೊಂಡವರ ಸಂಕಟ ಡೇರಿ ಹಾಲಿನಿಂದಲೇ ಸಂಸಾರ ನಡೆಸುವ ಈ ತಾಲ್ಲೂಕಿಗೆ ಹೇಳಿಕೊಡಬೇಕಿಲ್ಲ. ಅಂಥ ಹೊತ್ತಿನಲ್ಲಿ ತಡೆ ಹಾಕಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನಿಲ್ಲಿಸುವ ಆದೇಶಕ್ಕೆ ತಾರೀಖು, ಸಹಿ, ಮೊಹರು ಎಲ್ಲ ಇರುತ್ತದೆ. ಮತ್ತೆ ಶುರು ಮಾಡುವುದಕ್ಕೂ ಅಷ್ಟೇ ಖಚಿತವಾದ ಆದೇಶ ಬೇಕು ಎನ್ನುವುದಷ್ಟೇ ನನ್ನ ವಾದ.

ಷಷ್ಠಿ ಯಾವ ದಿನ ಎಂದು ಪಂಚಾಂಗ ಮೊದಲೇ ಹೇಳುತ್ತದೆ. ಜಿಲ್ಲಾಡಳಿತಕ್ಕೆ ದಿನ ಹುಡುಕುವ ಕಷ್ಟವೂ ಇಲ್ಲ. ಕನಿಷ್ಠ ಒಂದು ತಿಂಗಳು ಮೊದಲು ಜಾತ್ರೆ ಉಂಟೋ ಇಲ್ಲವೋ ಎಂದು ಹೇಳಲಿ. ಉಂಟಾದರೆ ಸುತ್ತಲಿನ ಹಳ್ಳಿಗಳಲ್ಲಿ ಲಸಿಕೆ ಮುಗಿಸಲಿ. ಹೊರಗಿನಿಂದ ಬರುವ ದನಗಳಿಗೆ ಲಸಿಕೆ ಚೀಟಿ ಕೇಳಲಿ, ಬಯಲಿನ ಬಾಯಲ್ಲಿ ಪಶುವೈದ್ಯರನ್ನು ಕೂರಿಸಲಿ. ನೀರಿನ ತೊಟ್ಟಿ, ಬೆಳಕು, ಶೌಚಾಲಯ ಆಗಲಿ. ದೇವಸ್ಥಾನ ಮುಜರಾಯಿಗೆ ಸೇರಿದ್ದು. ಹುಂಡಿ ಎಣಿಸಲು ಇರುವ ಶಿಸ್ತಿನಲ್ಲಿ ಅರ್ಧದಷ್ಟು ಇದಕ್ಕೆ ತೋರಿಸಿದರೂ ಸಾಕು. ಇಲ್ಲ ಎನ್ನುವುದಾದರೆ ಅದನ್ನೂ ಮೊದಲೇ ಹೇಳಲಿ. ಲಾರಿಗೆ ಮುಂಗಡ ಕೊಟ್ಟು, ದನಗಳನ್ನು ಹತ್ತಿಸಿಕೊಂಡು ಹೊರಟ ರೈತನಿಗೆ ದಾರಿಯಲ್ಲಿ ಸುದ್ದಿ ತಿಳಿಯಬಾರದು.

ನಮ್ಮಂಥ ವರದಿಗಾರರಿಗೂ ಇಲ್ಲಿ ಕೆಲಸವಿದೆ. ಜಾತ್ರೆ ರದ್ದು ಎಂದರೆ ಪುಟದಲ್ಲಿ ದೊಡ್ಡ ಜಾಗ ಸಿಗುತ್ತದೆ. ತೊಟ್ಟಿ ಕಟ್ಟಿದರೋ ಇಲ್ಲವೋ ಎಂದರೆ ಡೆಸ್ಕ್‌ನಿಂದ ‘ಆಮೇಲೆ ನೋಡೋಣ’ ಎಂಬ ಉತ್ತರ ಬರುತ್ತದೆ. ಆದರೂ ಕಳಿಸುತ್ತಲೇ ಇರಬೇಕು. ತೇರು ಎಳೆಯಲು ಜನ ತಾವಾಗಿಯೇ ಬರುತ್ತಾರೆ. ದನಗಳು ಬರಬೇಕಾದರೆ ರೈತನಿಗೆ ಮೊದಲು ಧೈರ್ಯ ಬರಬೇಕು. ಆ ಧೈರ್ಯ ಕೊಡುವ ಪ್ರಕಟಣೆ ಯಾವ ದಿನ ಹೊರಡುತ್ತದೆ ಎಂದು ತಾಲ್ಲೂಕು ಕಚೇರಿಯಲ್ಲಿ ಈಗಿನಿಂದಲೇ ಕೇಳೋಣ.